ದಾರದ ತುದಿ

ಹೆಸರು ತುಳಜಾಬಾಯಿ.
ಹೆಸರಲ್ಲೇ ಬಾಯಿದೆ, ಅದಕ್ಕೇ ಇವಳು ಮುಚ್ಚೋದಿಲ್ಲ
ಎಂದು ಅತ್ತಿಗೆ ನಗುತ್ತಿದ್ದಳು.
ಮಾತಿಗಲ್ಲ, ನಿದ್ದೆಗೆ.
ರಾತ್ರಿಯೆಲ್ಲ ಷಟರ್ ಎಳೆಯದ ಅಂಗಡಿಯ ಹಾಗೆ
ತೆರೆದೇ ಇರುತ್ತಿತ್ತು ನನ್ನದು,
ಕಾಟನ್‌ಪೇಟೆಯ ಧೂಳಿಗೂ ಡಿಸೆಂಬರಿನ ಚಳಿಗೂ
ಒಂದೇ ಬಾಗಿಲು.

ಮೂಗು? ಅದು ಮೂಗುಬೊಟ್ಟಿಗಷ್ಟೇ ಉಳಿದಿತ್ತು.
ಮಳೆ ನಿಂತರೆ ಖಾಲಿ ಸೈಟಿನ ತುಂಬ ಕಾಂಗ್ರೆಸ್ ಗಿಡದ ಹೂ,
ಅಂಗಡಿಯೊಳಗೆ ಕತ್ತರಿಯಿಂದ ಉದುರುವ ನೂಲಿನ ಹೊಟ್ಟು.
ಸೀನಿ ಸೀನಿ ಒಂದು ದಿನ ಸೀನೂ ನಿಂತು
ಎರಡೂ ಹೊಳ್ಳೆ ಹೊಲಿದಂತಾದವು.
ಯಾರು ಹೊಲಿದರೋ, ಕೆಲಸ ಮಾತ್ರ ಅಚ್ಚುಕಟ್ಟು.

ಬೆಳಗ್ಗೆ ಎದ್ದರೆ ನಾಲಗೆ ಅಂಗುಳಿಗೆ
ಇಸ್ತ್ರಿ ಹಾಕಿ ಅಂಟಿಸಿದ ಕಾಲರಿನ ಕ್ಯಾನ್ವಾಸು.
ಒಂದು ಚೊಂಬು ನೀರು ಕುಡಿದು ಮರೆಯುತ್ತಿದ್ದೆ.
ಬಾಯಾರಿಕೆ ಅನ್ನುತ್ತೇವಲ್ಲ,
ಬಾಯಿ ಆರುವುದು, ಹಗ್ಗದ ಮೇಲಿನ ಬಟ್ಟೆ ಆರಿದ ಹಾಗೆ.
ಆ ಮಾತಿನಲ್ಲೇ ಎಲ್ಲ ಇತ್ತು. ಕೇಳಿಸಿಕೊಳ್ಳಲಿಲ್ಲ.

ಗೊತ್ತಾದದ್ದು ದಾರದಿಂದ.
ಮೂವತ್ತೊಂದು ವರ್ಷ ದಾರದ ತುದಿಯನ್ನು
ತುಟಿಯಲ್ಲಿ ನೆನೆಸಿ, ಚೂಪು ಮಾಡಿ,
ನೋಡದೆಯೇ ಸೂಜಿಗೆ ಪೋಣಿಸಿದವಳು.
ಕಾರ್ತಿಕದಲ್ಲಿ ಯಾರದೋ ನಿಶ್ಚಿತಾರ್ಥದ ರವಿಕೆ,
ತಿಳಿ ನೇರಳೆ, ಬೆನ್ನಿಗೆ ಲಾಡಿ, ಸಂಜೆಗೇ ಬೇಕು.
ಬಾಯಿಗಿಟ್ಟ ದಾರ ಒಣಗಿದ್ದು ಒಣಗಿದಂತೆಯೇ ಹೊರಬಂತು,
ಎಳೆ ಬಿಚ್ಚಿಕೊಂಡು ಸೂಜಿಗಣ್ಣಿನ ಆಚೆ ಒಂದು, ಈಚೆ ಒಂದು.
ಮತ್ತೆ ಇಟ್ಟೆ, ಹಲ್ಲಿನಲ್ಲಿ ಒತ್ತಿ ಎಳೆದೆ.
ಈ ಸಲ ಒದ್ದೆಯಾಗಿತ್ತು.
ಕೆಂಪಗೆ.

ಕೋಟೆಯ ಹಲ್ಲಿನ ಆಸ್ಪತ್ರೆ. ಚೀಟಿ, ಸಾಲು, ಬೆಂಚು.
ಇನ್ನೂ ಕಲಿಯುತ್ತಿರುವ ಹುಡುಗಿ ನಾಜ್ನೀನ್
ಪುಟ್ಟ ಕನ್ನಡಿ ಒಳಗಿಟ್ಟು ಕೇಳಿದ್ದು ಹಲ್ಲಿನ ಮಾತಲ್ಲ:
"ಅಮ್ಮಾ, ರಾತ್ರಿ ಬಾಯಿಂದ ಉಸಿರಾಡ್ತೀರಾ?"
ಇವಳು ಯಾವಾಗ ನಮ್ಮ ಮನೆಯಲ್ಲಿ ಮಲಗಿದ್ದಳು!
ಮೇಲಿನ ವಸಡು ಮುಂದುಗಡೆಯೇ ಊದಿದೆಯಂತೆ,
ಗಾಳಿ ಬಡಿಯುವ ಜಾಗವಂತೆ.
ದಾರ ಕಡಿದು ಕಡಿದು ಕಚ್ಚು ಬಿದ್ದ ಹಲ್ಲಿನ ಪಕ್ಕ
ಎರಡು ಹುಳುಕು.
ಎಂಜಲೇ ಹಲ್ಲಿಗೆ ಕಾವಲು, ಅಮ್ಮಾ,
ತಿಂದದ್ದರ ಹುಳಿ ತೊಳೆಯೋದು ಅದೇ,
ಅದು ಆರಿಹೋದರೆ ಯಾರೂ ಇಲ್ಲ, ಅಂದಳು.

ನಾನು ಆ ಕುರ್ಚಿಯಲ್ಲೇ ನಕ್ಕುಬಿಟ್ಟೆ.
ಎಂಜಲಾಯ್ತು ಕೈ ತೊಳಿ,
ಎಂಜಲು ಲೋಟ ಅಲ್ಲಿಡಬೇಡ,
ಎಂಜಲು ದಾರದಲ್ಲಿ ಅಂಬಾಭವಾನಿಯ ಖಣ ಹೊಲೀಬೇಡ.
ಹುಟ್ಟಿದಾಗಿನಿಂದ ಬೈದುಕೊಂಡು ಬಂದದ್ದು
ಬಾಗಿಲಲ್ಲಿ ನಿಂತ ಕಾವಲಿನವನನ್ನೇ.
ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಮೊದಲು ಅಂದವರು
ಹಲ್ಲಿನ ಡಾಕ್ಟರೇ ಇರಬೇಕು.

ಆಮೇಲೆ ಮೂಗಿನವರು. ಒಳಗೆ ದುರ್ಮಾಂಸ.
ಕಾಟನ್‌ಪೇಟೆಯವಳ ಮೂಗಿಗೆ ಎರಡು ದಿನ ಹತ್ತಿ.
ಒಂದು ಹಲ್ಲು ಹೋಯಿತು, ಉಳಿಸಲಾಗಲಿಲ್ಲ.
ನಾಲಗೆ ಈಗಲೂ ಅಲ್ಲಿಗೇ ಹೋಗಿ
ಉದುರಿದ ಗುಂಡಿಯ ಜಾಗ ತಡವಿದಂತೆ ತಡವಿ ಬರುತ್ತದೆ.

ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ.
ನಡುರಾತ್ರಿ ಅತ್ತಿಗೆ ಗದ್ದಕ್ಕೆ ಕೈಕೊಟ್ಟು ಮುಚ್ಚುತ್ತಾಳಂತೆ,
ಸಡಿಲ ಬೀರುವಿನ ಹಾಗೆ ಮತ್ತೆ ತೆರೆದುಕೊಳ್ಳುತ್ತದಂತೆ.
ಬೆಳಗ್ಗೆ ಮೆಷಿನ್ನಿನ ಮುಸುಕು ತೆಗೆಯುವ ಮೊದಲು
ಬಿಳಿ ದಾರ ತುಟಿಗಿಟ್ಟು ನೋಡುತ್ತೇನೆ.
ಕೆಲವು ದಿನ ನೆನೆಯುತ್ತದೆ.
ಕೆಲವು ದಿನ ಇಲ್ಲ.

ನಿನ್ನೆ ಒಬ್ಬಳು ಲಂಗದ ಬಟ್ಟೆ ಬಿಚ್ಚಿ ಮುಂದೆ ಹರಡಿದಳು.
ಗಂಜಿಯ ವಾಸನೆ.
ಹೊಸ ಬಟ್ಟೆಗೊಂದು ವಾಸನೆಯಿದೆ ಎಂಬುದೇ ಮರೆತಿತ್ತು.
ಟೇಪು ಕತ್ತಿನಲ್ಲೇ ಬಿಟ್ಟು, ಬಗ್ಗಿ,
ಬಾಯಿ ಮುಚ್ಚಿ ಇನ್ನೊಮ್ಮೆ ಎಳೆದುಕೊಂಡೆ.
"ಯಾಕಕ್ಕಾ," ಅಂದಳು ಅವಳು,
"ಬಟ್ಟೆ ಸಾಲಲ್ವಾ?"