ಎಪ್ಪತ್ತೆರಡು ಕಿಲೋ

ಕುಠ್ಠಾಳಿಯ ಜೆಟ್ಟಿಗೆ ಐದೂವರೆಗೆ ಬಂದ್ರ
ಜುವಾರಿ ಇನ್ನೂ ಮೈ ಮುರೀತಿರತದ.
ಹೊಸ ಬ್ರಿಜ್ಜಿನ ಮ್ಯಾಲ ಕೆಂಪು ದೀಪ,
ಅದಿರಿನ ಬಾರ್ಜು ಒಂದೂ ಹೊರಟಿರೂದಿಲ್ಲ.
ಸ್ಪೀಡು ನೋಡಾಕ ಇದ ಹೊತ್ತು,
ನೀರು ತಾಟಿನಾಗಿನ ಅಂಬಲಿಯಂಗ ನಿಂತಾಗ.

ಮಿನೇಜಿಸ್ ಮೂರು ವಾರದಿಂದ ಒಂದ ಮಾತು ಹಿಡದಾನ:
ನಲವತ್ತೈದು ನಾಟ್.
ಯಾಕಂತ ಕೇಳಿಲ್ಲ ನಾನು.
ವಾಸ್ಕೋದ ಅವನ ಷಡ್ಡಕ ನಲವತ್ನಾಕು ಓಡಿಸ್ಯಾನಂತ.
ಗಂಡಸಿಗೆ ಅಷ್ಟ ಸಾಕು.

ನಮ್ಮ ಬೋಟು ನಲವತ್ತೊಂದಕ್ಕ ಏದುಸಿರು ಬಿಡತಿತ್ತು.

ಮೊದಲು ದಂಡಿಗೆ ಎಳದು ಹೊಟ್ಟಿ ಕೆರದೆ.
ಜೋಳದ ಕಾಳಿನಷ್ಟು ಅಂಟುಚಿಪ್ಪಿ, ಸಾವಿರಗಟ್ಟಲೆ,
ಒಂದೊಂದೂ ಹೊಳಿಯ ಸೆರಗು ಹಿಡಕೊಂಡು ಕುಂತಿತ್ತು.
ಅಂಗೈ ಹರೀತು. ಒಂದು ನಾಟ್ ಬಂತು.

ಇಂಜಿನ್ನು ಎರಡನ್ನೂ ಒಂದೊಂದು ತೂತು ಮ್ಯಾಲ ಏರಿಸಿದೆ,
ಇನ್ನೊಂದು ತೂತು ಏರಿಸಿದೆ, ಆಸಿ!
ತಿರುವಿನಾಗ ಫ್ಯಾನು ನೀರು ಬಿಟ್ಟು ಗಾಳಿ ನುಂಗಿ
ಹೆರಿಗಿ ನೋವಿನಂಗ ಚೀರಿದವು.
ಮತ್ತ ಒಂದು ತೂತು ಇಳಿಸಿದೆ.
ಹತ್ತೊಂಬತ್ತಿಂಚಿನ ಫ್ಯಾನು ತಗದು
ಇಪ್ಪತ್ತೊಂದರದು ಹಾಕಿದೆ, ಸ್ಟೀಲಿಂದು,
ಒಂದು ಬಲಕ್ಕ ತಿರಗೂದು, ಒಂದು ಎಡಕ್ಕ.

ಎತ್ತು ಏರಿಗಿ ಎಳೀತು, ಕೋಣ ನೀರಿಗಿ ಎಳೀತು ಅಂತಾರ ನಮ್ಮ ನರಗುಂದದಾಗ.
ಇಲ್ಲಿ ಎರಡೂ ನೀರಿಗೇ.
ಆದ್ರೂ ಕೂಡಿ ಎಳೀವಲ್ಲವು.

ಸೂಜಿಕಿಂತ ಮೊದಲು ಕಿವಿಗೆ ಗೊತ್ತಾಗತದ ಅದು.
ವೊಂವ್… ವೊಂವ್… ವೊಂವ್…
ಶ್ರುತಿ ಕೂಡದ ಎರಡು ಏಕತಾರಿ
ಒಂದ ಪದಾ ಹಾಡಾಕ ಕುಂತಂಗ.
ಎಡಗಡೀದು ನೂರಿಪ್ಪತ್ತು ಸುತ್ತು ಕಡಿಮಿ.
ಪ್ಲಗ್ ಬದಲಿಸಿದೆ. ಫಿಲ್ಟರ್ ಬದಲಿಸಿದೆ.
ಕಂಪ್ಯೂಟರ್ ಹಚ್ಚಿದ ಹುಡುಗ
ಎಲ್ಲಾ ಬರೋಬರಿ ಐತಿ ಅಂದು ರೊಕ್ಕಾ ಇಸಗೊಂಡು ಹೋದ.
ನಾಕನೇ ದಿನ ಸೀಟಿನ ಬುಡದಾಗ ಕೈ ಹಾಕಿದ್ರ
ಪೆಟ್ರೋಲ್ ಪೈಪು ಮಡಚಿಕೊಂಡು ಮಲಗಿತ್ತು,
ಬಸ್ಸಿನಾಗ ನಿದ್ದಿಹೋದ ಕೂಸಿನ ಕಾಲಿನಂಗ.

ಆವತ್ತು ವೊಂವ್ ನಿಂತಿತು.
ಭರತಿಯ ಎದರಾ ಒಂದು ಓಟ, ಭರತಿಯ ಗುಂಟ ಒಂದು ಓಟ,
ಎರಡೂ ಕೂಡಿಸಿ ಅರ್ಧಾ ಮಾಡಿದ್ರ
ನಲವತ್ನಾಕು ಪಾಯಿಂಟ್ ಮೂರು.

ಮಿನೇಜಿಸ್ ಕುಣೀಲಿಲ್ಲ.
ಬೋಟಿನ ಒಳಗೆಲ್ಲಾ ಕಣ್ಣಾಡಿಸಿದ.
ಐಸಿನ ಡಬ್ಬಿ ಇಳೀತು. ಹೆಂಡತಿಯ ಮಡಚುವ ಕುರ್ಚಿ ಇಳೀತು.
ಅಪ್ಪ ಮೀನ ಹಿಡಿಯೂ ಕಾಲದ ಲಂಗರು, ಅದರ ಸರಪಳಿ,
ಹಿಡಿದೆತ್ತಲಿಕ್ಕೆ ಇಬ್ಬರು ಬೇಕಾತು.
ಸಾಂತ್ ಆಂತೋನಿಯ ಮೂರ್ತಿ ಮುಟ್ಟಲಿಲ್ಲ,
ಅದು ಪ್ಲಾಸ್ಟಿಕ್ಕಿಂದು, ತೂಕಿಲ್ಲ ಅಂದ.
ಆಮ್ಯಾಲ ನನ್ನ ಕಡೆ ನೋಡಿದ.

ದಾವಲ್, ತುಜೆಂ ವಜನ ಕಿತ್ಲೆಂ?

ಎಪ್ಪತ್ತೆರಡು ಅಂದೆ.
ಚಪ್ಪಲಿ ಬಿಟ್ಟು.

ಅವ ನಾಚಿದನೋ ಇಲ್ಲೋ ಕತ್ತಲಿಗೆ ಕಾಣಲಿಲ್ಲ.
ನಾನ ಜಿಗದೆ ಜೆಟ್ಟಿಗೆ, ಅವ ಬಾಯಿ ಬಿಡೂದರೊಳಗ.
ಸ್ಪ್ಯಾನರಿನ ಚೀಲಾನೂ ಇಳಿಸಿಕೊಂಡೆ, ಹನ್ನೊಂದು ಕಿಲೋ.

ಬೋಟು ಹೋತು.
ಮೂಗು ಎತ್ತಿತು, ಮತ್ತ ಇಳಿಸಿತು,
ನೀರಿನ ಮ್ಯಾಲ ಹೊಟ್ಟಿ ಹಚ್ಚದಂಗ ಹಾರಿತು.
ಬ್ರಿಜ್ಜಿನ ಕಂಬದ ಆಚೆ ಕಣ್ಣಿಗೆ ಸಿಗಲಿಲ್ಲ.
ಕಣ್ಣು ಮುಚ್ಚಿದೆ.
ಎರಡು ಇಂಜಿನ್ನು ಅಂತ ಯಾರು ಹೇಳತಾರ?
ಒಂದ ದನಿ, ಏರಿ, ಇನ್ನೂ ಏರಿ,
ನಾನು ಒಮ್ಮೆಯೂ ಒಳಗಿದ್ದು ಕೇಳದ ಜಾಗಾಕ್ಕ
ಹೋಗಿ ನಿಂತಿತು.
ಆತು ಅಂದೆ, ಯಾರಿಗಂತ ಗೊತ್ತಿಲ್ಲ.

ನಲವತ್ತೈದು ಪಾಯಿಂಟ್ ಒಂದು ಅಂತ
ಆಮ್ಯಾಲ ಫೋನಿನಾಗ ಫೋಟೋ ತೋರಿಸಿದ, ಅಲುಗಾಡಿದ್ದು.
ಆದ್ರ ಅದು ಆಮ್ಯಾಲ.

ಆಗ ನಾನು ಅವನ ಹೆಂಡತಿಯ ಕುರ್ಚಿ ಬಿಡಿಸಿ
ಲಂಗರಿನ ಪಕ್ಕ ಕುಂತಿದ್ದೆ,
ಬ್ಯಾಡಾದ ಸಾಮಾನು ಕಾಯಾಕ ಒಬ್ಬರಾದ್ರೂ ಬೇಕಲ್ಲ.
ಐಸಿನ ಡಬ್ಬಿ ತಗದು ನೋಡಿದೆ.
ಐಸು ಕರಗಿತ್ತು, ನೀರಾಗ ಒಂದ ಲಿಂಬು ಸೋಡಾ ತೇಲತಿತ್ತು.
ಕುಡದೆ.
ಡಬ್ಬಿ ಅಷ್ಟು ಹಗುರಾತು.