ಅಂಗೈಗೆ ಗೊತ್ತಾದದ್ದು

ಪೊಹೊರ್ಯೆ ಗುಡ್ಡದ ಮೇಲಿನ ಈ ಗರಸು ದಾರಿಗೆ
ಹೆಸರಿಲ್ಲ, ನಂಬರಿದೆ: ಹದಿನೇಳು ಬಾರ್ ನಾಲ್ಕು.
ಮೂವತ್ತೊಂದು ವರ್ಷ, ಮೇ ತಿಂಗಳಲ್ಲಿ,
ಹಿಮ ಕರಗಿ ನೆಲ ಬಿಗಿದ ಮೇಲೆ,
ಹಳದಿ ಗ್ರೇಡರ್ ಹತ್ತಿ ಕೂತು
ಇದರ ಮೈ ಕೆರೆದವಳು ನಾನು, ಮಿಲೊಯ್ಕಾ.

ನಡು ಉಬ್ಬಿರಬೇಕು, ಅಂಚು ಇಳಿದಿರಬೇಕು.
ದಾರಿಯ ಮೇಲೆ ನಿಂತ ನೀರು
ಹೋಗುವಾಗ ದಾರಿಯನ್ನೂ ಹೊತ್ತು ಹೋಗುತ್ತದೆ.
ಇಷ್ಟೇ ವಿದ್ಯೆ. ಉಳಿದದ್ದು ಡೀಸೆಲ್ಲು,
ಮರ ಹೊತ್ತು ಇಳಿಯುವ ಲಾರಿಗಳ ಲೆಕ್ಕ.

ಕ್ಯಾಬಿನ್ನಿನೊಳಗೆ ಕಾಡು ಕೇಳಿಸುತ್ತಿರಲಿಲ್ಲ.
ಜಿಂಕೆಯೊಂದು ನೋಡುತ್ತಿತ್ತು, ಹಾರುತ್ತಿತ್ತು,
ಸದ್ದು ತೆಗೆದ ಟೀವಿಯಲ್ಲಿ ಹಾರಿದ ಹಾಗೆ.

ಆಮೇಲೆ ಲಾರಿಗಳಿಗೆ ಆಚೆ ಮಗ್ಗುಲಲ್ಲಿ ಹೊಸ ದಾರಿಯಾಯಿತು.
ಗ್ರೇಡರ್ ಹರಾಜಾಯಿತು. ನಾನೂ, ಒಂದು ಲೆಕ್ಕದಲ್ಲಿ.
ಹಳೆ ದಾರಿಯ ಬಾಯಿಗೆ ಕೆಂಪು ಬಿಳಿ ಅಡ್ಡಗಂಬ ಬಂತು:
ಎಂಜಿನ್ನಿದ್ದದ್ದು ಏನೂ ಒಳಗಿಲ್ಲ.

ಮೊದಲು ಬಂದವರನ್ನು ಕಂಡು ನಕ್ಕಿದ್ದೆ.
ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು,
ರೆಪ್ಪೆಯಲ್ಲಿ ಧೂಳು, ಹಲ್ಲಿನಲ್ಲಿ ಧೂಳು.
"ಡಾಂಬರು ದಾರಿ ಕೆಳಗಿದೆಯಮ್ಮಾ" ಅಂದೆ ಒಬ್ಬಳಿಗೆ.
ಗ್ರಾಟ್ಸ್ ಕಡೆಯವಳಿರಬೇಕು, ಮಾತು ಹಾಗಿತ್ತು.
"ಗೊತ್ತು" ಅಂದಳು, "ಅದರಿಂದಲೇ ತಪ್ಪಿಸಿಕೊಂಡು ಬಂದೆ."

ತಂಗಿಯ ಮಗ ಗೊರಾಜ್ದ್ ತನ್ನ ಹಳೆ ಸೈಕಲ್ಲನ್ನು
ನಮ್ಮ ಶೆಡ್ಡಿನಲ್ಲಿ ಬಿಟ್ಟುಹೋಗಿದ್ದ.
ಅಡ್ಡಗಂಬದ ಬೀಗದ ಕೈ ಇನ್ನೂ ನನ್ನ ಗೊಂಚಲಿನಲ್ಲೇ ಇದೆ.
ಬೇಕಾಗಲಿಲ್ಲ. ಬಗ್ಗಿ ನುಸುಳಿದೆ.
ಅರುವತ್ತೆರಡಕ್ಕೆ ಬಗ್ಗುವುದೂ ಒಂದು ಕೆಲಸವೇ.

ಮೊದಲ ಏರಿನಲ್ಲೇ ಇಳಿದು ತಳ್ಳಿದೆ.
ಇಷ್ಟು ಉದ್ದವಿತ್ತೇ ಇದು?
ಗ್ರೇಡರಿನಲ್ಲಿ ಒಂದು ಸಿಗರೇಟಿನಷ್ಟಿತ್ತು.
ಫರ್ ಮರಗಳ ನಡುವೆ ಯಾವುದೋ ಹಕ್ಕಿ
ಒಂದೇ ಮಾತನ್ನು ಮೂರು ಸಲ ಹೇಳಿ, ನಿಂತು,
ನನಗೆ ತಿಳಿಯಿತೋ ಇಲ್ಲವೋ ಎಂದು ಮತ್ತೆ ಹೇಳಿತು.

ಮೂರನೇ ತಿರುವಿನಲ್ಲಿ ಗರಸಿನ ನಡುವೆ ಹಸಿರು ಚೂರು.
ಅಜ್ಜಂದಿರ ಅಜ್ಜಂದಿರು ಇಲ್ಲಿ ಗಾಜು ಕಾಯಿಸುತ್ತಿದ್ದರಂತೆ,
ಕಾಡು ಕಡಿದು ಕುಲುಮೆಗೆ ಒಟ್ಟಿ, ಬೂದಿ ಸೋಸಿ.
ಆಮೇಲೆ ಕುಲುಮೆ ಆರಿತು, ಕಾಡು ಬೆಳೆಯಿತು.
ಈ ಚೂರನ್ನು ವರ್ಷಕ್ಕೊಮ್ಮೆ
ಆ ಅಂಚಿನಿಂದ ಈ ಅಂಚಿಗೆ ನಾನೇ ಎಳೆದಿರಬೇಕು.
ನೋಡಿರಲಿಲ್ಲ. ಜೇಬಿಗೆ ಹಾಕಿಕೊಂಡೆ.

ಆಮೇಲೆ ಇಳಿಜಾರು.
ಗಾಳಿ, ಅಂಟಿನ ವಾಸನೆ, ಮೊಣಕಾಲಿಗೆ ರಜೆ,
ಆಹಾ ಅನ್ನುವಷ್ಟರಲ್ಲಿ
ಗಡ ಗಡ ಗಡ ಗಡ
ಮುಂಗೈ, ಮೊಣಕೈ, ದವಡೆ,
ಇದ್ದ ಹಲ್ಲು ಇಲ್ಲದ ಹಲ್ಲು ಎಲ್ಲ ನಡುಗಿ
ಕಾಲೂರಿ ನಿಂತು ಹಿಂತಿರುಗಿ ನೋಡಿದೆ.

ನಾಯಿಯ ಅಂಗುಳಿನ ಹಾಗೆ ನೆಲ ಏಣು ಏಣು.
ಲಾರಿಗಳನ್ನು ಬಯ್ಯಬಹುದಿತ್ತು, ಮಳೆಯನ್ನು ಬಯ್ಯಬಹುದಿತ್ತು.
ಆದರೆ ಏಣು ಏಣಿನ ನಡುವಿನ ಗೇಣು ನನಗೆ ಗೊತ್ತು:
ಬ್ಲೇಡನ್ನು ಬೇಗ ಎಳೆದರೆ ಅದು ಕುಣಿಯುತ್ತದೆ,
ಕುಣಿದಲ್ಲೆಲ್ಲ ಒಂದು ಗೆರೆ.
ಇವು ಶುಕ್ರವಾರದ ಮಧ್ಯಾಹ್ನಗಳು.
ಮನೆಯಲ್ಲಿ ಯಾರೋ ಕಾಯುತ್ತಿದ್ದರೆಂದಲ್ಲ,
ಶುಕ್ರವಾರವಾಗಿತ್ತು, ಅಷ್ಟೆ.
ಕ್ಯಾಬಿನ್ನಿನ ಸೀಟಿಗೆ ಸ್ಪ್ರಿಂಗಿತ್ತು.

ಮುಂದಿನ ವಾರ ಕುಂಟೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದೆ.
ಬೆಳಗಿನಿಂದ ಊಟದ ಹೊತ್ತಿನವರೆಗೆ ಎಳೆದೆ,
ಹೆಜ್ಜೆಯಿಟ್ಟು ಅಳೆದರೆ ಎಂಟು ಮಾರು.
ಬೆನ್ನು ಹಿಡಿಯಿತು. ಗುಡ್ಡದ ಅರ್ಧಕ್ಕರ್ಧ ಬಾಕಿ.
ಸ್ಪ್ರೂಸ್ ಬುಡದಲ್ಲಿ ಕೂತು ಬ್ರೆಡ್ಡು ಬಿಚ್ಚಿದೆ.

ಮೇಲಿನಿಂದ ಒಬ್ಬ ಇಳಿದು ಬಂದ,
ನನ್ನನ್ನು ಕಂಡು ಕೂಗಿದ:
"ದೊ-ಒ-ಬೆ-ಎ-ರ್ ದಾ-ಆ-ಆ"
ಗೆರೆಗಳ ಮೇಲೆ ನಮಸ್ಕಾರವೂ ನಡುಗುತ್ತಿತ್ತು,
ಎಂಟು ಮಾರು ಬಂತು
"ನ್, ಎಷ್ಟು ಚೆಂದದ ದಿನ"
ಅಷ್ಟನ್ನು ನೆಟ್ಟಗೆ ಅಂದ
ಮತ್ತೆ ಗಡಗಡಿಸುತ್ತ ತಿರುವಿನಲ್ಲಿ ಮರೆಯಾದ.