ಐನೂರ ಹನ್ನೆರಡು

ಪೆಟ್ಟಿಗೆ ಬಂದದ್ದು ಜೂನ್ ಎರಡನೇ ವಾರ,
ಮಾಹೀಮಿನ ಗೋಡೆಗಳು ಬೆವರಲು ಶುರುಮಾಡಿದ ದಿನ.
ಒಳಗೆ ಗಿಟಾರಿರಲಿಲ್ಲ, ಗಿಟಾರಿನ ಸಾಮಾನಿತ್ತು:
ಹಪ್ಪಳದಷ್ಟು ತೆಳ್ಳಗಿನ ಎದೆಹಲಗೆ,
ಮೊದಲೇ ಬಗ್ಗಿಸಿ ಕಳಿಸಿದ ಬೀಟೆಯ ಪಕ್ಕೆಗಳು,
ಪೊಟ್ಟಣದಲ್ಲಿ ಮೆಟ್ಟಿಲುಗಳಿಗೆಂದು ಹಿತ್ತಾಳೆಯ ಸುರುಳಿ,
ಆರು ಭಾಷೆಯ ಸೂಚನೆ,
ನನಗೆ ಬರುವ ನಾಲ್ಕರಲ್ಲಿ ಒಂದು ಮಾತ್ರ ಅದರಲ್ಲಿ.

"ನುಡಿಸಲು ಬರುತ್ತದಾ?"
ಮೇಲಿನ ಮನೆಯ ಇಸಿದೋರ್ ಮಾಸ್ತರರು ಕೇಳಿದರು.
ಇಲ್ಲ.
"ಮತ್ತೆ?"
ಮತ್ತೇನು. ಹೆರಿಗೆ ಮಾಡಿಸುವವಳಿಗೆಲ್ಲ
ಜೋಗುಳ ಬರಲೇಬೇಕೆ?

"ದಸರೆ ಕಳೆಯುವ ತನಕ ಬಿಚ್ಚಬೇಡಿ,
ಈ ಗಾಳಿಯಲ್ಲಿ ಮರ ನೀರು ಕುಡಿಯುತ್ತದೆ."
ಬಿಚ್ಚಿಯಾಗಿತ್ತು.
ಕಪಾಟಿನಲ್ಲಿ ಸೀರೆಗಳ ನಡುವೆ ಹಲಗೆಗಳನ್ನು ಮಲಗಿಸಿ
ಅರವತ್ತರ ಬಲ್ಬೊಂದನ್ನು ಉರಿಸಿಟ್ಟೆ, ನಾಲ್ಕು ತಿಂಗಳು.
ಕರೆಂಟ್ ಬಿಲ್ಲು ಏಕೆ ಏರಿತೆಂದು ಕೇಳುವವರಿಲ್ಲ.
ಒಂಟಿಯಾಗಿರುವುದರ ಸಣ್ಣ ಸುಖಗಳಲ್ಲಿ ಅದೂ ಒಂದು.

ಅಕ್ಟೋಬರಿನ ಸೆಕೆಗೆ ಅಂಟು ಹಿಡಿಯಿತು.
ಪಕ್ಕೆಯೊಳಗಿನ ಹಲ್ಲುಪಟ್ಟಿ ಕಚ್ಚಿ ನಿಲ್ಲಲು
ನಲವತ್ತೆಂಟು ಚಿಮಟ ಬೇಕು. ನನ್ನ ಹಗ್ಗದ ಮೇಲೆ ಹದಿನಾರು.
ಶೇವಂತಾಬಾಯಿ ತನ್ನವನ್ನೆಲ್ಲ ಕಿತ್ತುಕೊಟ್ಟಳು.
ಆ ದಿನ ಅವಳ ಮನೆಯ ಬಟ್ಟೆಗಳು
ಬರೀ ನಂಬಿಕೆಯ ಮೇಲೆ ನೇತಾಡಿದವು,
ಊಟದ ಮೇಜಿನ ಮೇಲೆ ನನ್ನದು
ಮುಳ್ಳುಹಂದಿಯ ಹಾಗೆ ಮಲಗಿತ್ತು.

ಎದೆಹಲಗೆಯ ಒಳಮೈಗೆ ಬೀಸಣಿಗೆಯಂತೆ ಏಳು ಕಡ್ಡಿ.
ಕೆತ್ತಬೇಕು, ತಟ್ಟಿ ಕೇಳಬೇಕು, ಮತ್ತೆ ಕೆತ್ತಬೇಕು.
ಎಲ್ಲಿ ನಿಲ್ಲಿಸಬೇಕು ಎಂದು
ಆರು ಭಾಷೆಯಲ್ಲೂ ಬರೆದಿಲ್ಲ.

ಕೇಳುವುದು ನನ್ನ ಕಸುಬು.
ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಇಪ್ಪತ್ತಾರು ವರ್ಷ
ಶ್ರುತಿಕವೆಯನ್ನು ಮೊಣಕೈಗೆ ಬಡಿದು
ಊರ ಕಿವಿಗಳಿಗೆಲ್ಲ ಹಿಡಿದಿದ್ದೇನೆ:
ಕೇಳಿಸುತ್ತಾ? ನಿಂತಾಗ ಹೇಳಿ. ಈಗ? ಈಗ?
ಮಗ್ಗದ ಸದ್ದು ತಿಂದ ಕಿವಿ, ಪಟಾಕಿ ತಿಂದ ಕಿವಿ,
ಹೆಂಡತಿಯ ದನಿಯೊಂದನ್ನು ಬಿಟ್ಟು ಎಲ್ಲ ಕೇಳುವ
ಟ್ಯಾಕ್ಸಿಯವನ ಕಿವಿ.
ನನ್ನ ಕಿವಿಯಲ್ಲೇ ಅಕ್ಕಿನುಚ್ಚಿನಷ್ಟು ಎಲುಬು
ಕಲ್ಲಾಗುತ್ತಿದ್ದದ್ದು ತಿಳಿದದ್ದು ಕೊನೆಗೆ.
ಈಗ ಗಾಳಿಯಲ್ಲಿ ಬಂದ ಮಾತು ಹೊಸ್ತಿಲಲ್ಲೇ ನಿಲ್ಲುತ್ತದೆ.
ಎಲುಬಿನಲ್ಲಿ ಬಂದದ್ದು
ಚಪ್ಪಲಿ ಬಿಡದೆ ನೇರ ಅಡುಗೆಮನೆಗೆ ನಡೆಯುತ್ತದೆ.

ಹಾಗಾಗಿ ತಟ್ಟುವಾಗ ಹಲಗೆಯನ್ನು ಹಲ್ಲಲ್ಲಿ ಕಚ್ಚಿದೆ.
ಬಾಯಲ್ಲಿ ಹೊಸ ಮರದ ಒಗರು,
ತಲೆಯೊಳಗೆ ಯಾರೋ ಬಾಗಿಲು ಬಡಿದ ಹಾಗೆ.
ನಾಲ್ಕನೇ ಕಡ್ಡಿ ಇನ್ನೊಂದು ಸುಲಿತಕ್ಕೆ
ಬಾಗಿಲಲ್ಲ, ಕೊಡ ಅನ್ನಿಸಿತು.
ಉಳಿ ಕೆಳಗಿಟ್ಟೆ.

ತಂತಿ ಕಟ್ಟಿದ್ದು ಒಂದು ಭಾನುವಾರ.
ಕೆನ್ನೆಯೆಲುಬನ್ನು ಗಿಟಾರಿನ ಹೆಗಲಿಗೆ ಒತ್ತಿ,
ಆಸ್ಪತ್ರೆಯಿಂದ ನನ್ನೊಡನೆ ನಿವೃತ್ತಿಯಾದ ಕವೆಯನ್ನು ಬಡಿದೆ.
ಅದರ ಕಾಂಡದ ಮೇಲೆ ಕೊರೆದದ್ದು ಐನೂರ ಹನ್ನೆರಡು.
ಎರಡನೇ ತಂತಿಯ ಮೊದಲ ಮೆಟ್ಟಿಲನ್ನು ಅದಕ್ಕೆ ಕೂಡಿಸಿದೆ,
ಉಳಿದವು ಒಂದರ ಕೈ ಹಿಡಿದು ಇನ್ನೊಂದು ಹತ್ತಿದವು:
ಎಲ್ಲವೂ ಐದನೇ ಮೆಟ್ಟಿಲಲ್ಲಿ,
ಒಂದು ಮಾತ್ರ ನಾಲ್ಕರಲ್ಲಿ.
ಯಾಕೆಂದು ಕೇಳಲಿಲ್ಲ. ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ.

ಇಸಿದೋರ್ ಮಾಸ್ತರರು ಒಂದು ಸಲ ಮೀಟಿ ಮುಖ ಸಣ್ಣ ಮಾಡಿದರು.
"ಚರ್ಚಿನ ಪಿಯಾನೋಗಿಂತ ಇಳಿದಿದೆ.
ಕೂದಲಿಗಿಂತ ಜಾಸ್ತಿ, ಅರ್ಧ ಸ್ವರಕ್ಕೆ ಕಮ್ಮಿ."
ಇರಲಿ, ಅಂದೆ. ಇದು ಆಸ್ಪತ್ರೆಯ ಶ್ರುತಿ.
ಅವರು ನಕ್ಕದ್ದು ಕಂಡಿತು.
ಆಮೇಲೆ ಏನೋ ನುಡಿಸಿದರು. ನಾನು
ಗಿಟಾರಿನ ತಲೆಯನ್ನು ನನ್ನ ಹಣೆಗೆ ತಾಗಿಸಿಕೊಂಡು ಕೂತೆ,
ನೋಡಿದವರು ಏನಂದುಕೊಂಡರೋ.

ಹೊಸ ನೈಲಾನು ಹಿಗ್ಗುತ್ತದೆ.
ರಾತ್ರಿ ಕಟ್ಟಿದ ಶ್ರುತಿ ಬೆಳಿಗ್ಗೆ ಹಾಲು ಬರುವಷ್ಟರಲ್ಲಿ
ಮೆಟ್ಟಿಲಿಳಿದು ಹೋಗಿರುತ್ತದೆ.
ಚಿಮಟಗಳನ್ನು ಎಣಿಸಿ ಹಿಂತಿರುಗಿಸಿದ್ದೇನೆ,
ಒಂದರ ಬಾಯಿ ಅಂಟಿಗೆ ಕಚ್ಚಿ ಹೋಗಿದೆ,
ಶೇವಂತಾಬಾಯಿ ಅದನ್ನು ಇನ್ನೂ ಕೇಳುತ್ತಿದ್ದಾಳೆ.
ಮೂರನೇ ತಂತಿ ಇವತ್ತೂ ಇಳಿದಿದೆ.
ಕೆನ್ನೆ ಒರೆಸಿಕೊಂಡು ಬರುತ್ತೇನೆ.